ಒಂದೇ ಸೈಕಲ್, ಎರಡು ಕಾನೂನು: ಜರ್ಮನ್-ಫ್ರೆಂಚ್ ಜೋಡಿ ಪದವಿಯಲ್ಲಿ ಕಲಿಯುವುದೇನು?

ಜರ್ಮನಿಯ ಕಲೋನ್ ನಗರದ ವಿದ್ಯಾರ್ಥಿಯೊಬ್ಬ ತನ್ನ ಹಳೆಯ ಸೈಕಲ್ಲನ್ನು 200 ಯೂರೋಗೆ ಮಾರಲು ಒಪ್ಪಿಕೊಳ್ಳುತ್ತಾನೆ ಎಂದುಕೊಳ್ಳಿ. ಕೊಳ್ಳುವವಳು ಅವನ ಸಹಪಾಠಿ. ಹಣವನ್ನು ಅಲ್ಲಿಯೇ ಎಣಿಸಿ ಕೊಟ್ಟು, ಸೈಕಲ್ಲನ್ನು ಬೆಳಿಗ್ಗೆ ಬಂದು ಒಯ್ಯುತ್ತೇನೆ ಎಂದು ಹೇಳಿ ಹೋಗುತ್ತಾಳೆ. ಆ ರಾತ್ರಿ, ಯಾರ ತಪ್ಪೂ ಇಲ್ಲದೆ, ಸೈಕಲ್ ಇಟ್ಟಿದ್ದ ಕೊಟ್ಟಿಗೆಗೆ ಬೆಂಕಿ ಬೀಳುತ್ತದೆ. ನಷ್ಟ ಯಾರದು?

ಜರ್ಮನ್ ಕಾನೂನಿನ ಪ್ರಕಾರ ಸೈಕಲ್ ಇನ್ನೂ ಮಾರಿದವನದೇ. ಅವನು 200 ಯೂರೋ ಹಿಂದಿರುಗಿಸಬೇಕು. ಇದೇ ವ್ಯವಹಾರ ಪ್ಯಾರಿಸ್‌ನಲ್ಲಿ, ಫ್ರೆಂಚ್ ಕಾನೂನಿನಡಿ ನಡೆದಿದ್ದರೆ, ವಸ್ತು ಮತ್ತು ಬೆಲೆಯ ಬಗ್ಗೆ ಮಾತು ಕೂಡಿದ ಕ್ಷಣದಿಂದಲೇ ಸೈಕಲ್ ಕೊಂಡವಳದು. ಸುಟ್ಟದ್ದು ಅವಳ ಸೈಕಲ್, ಹೋದದ್ದು ಅವಳ ಹಣ. ರೈಲು ಹತ್ತಿದರೆ ನಾಲ್ಕು ಗಂಟೆಯೊಳಗೆ ತಲುಪಬಹುದಾದ ಎರಡು ನಗರಗಳು. ಒಂದೇ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರಗಳು ತದ್ವಿರುದ್ಧ.

ಎರಡೂ ದೇಶಗಳಲ್ಲಿ ಮೊದಲ ವರ್ಷದ ಕಾನೂನು ವಿದ್ಯಾರ್ಥಿಗೆ ತನ್ನ ದೇಶದ ಉತ್ತರವೇ ಸಹಜವಾದುದು ಎನಿಸುತ್ತದೆ. ಎರಡನ್ನೂ ಒಟ್ಟಿಗೆ ಕಲಿಯುವವರಿಗೆ ಆ ನಿಶ್ಚಿಂತೆ ಸಿಗುವುದಿಲ್ಲ. ಜರ್ಮನ್-ಫ್ರೆಂಚ್ ಜೋಡಿ ಪದವಿ ಎಂದರೆ ನನ್ನ ದೃಷ್ಟಿಯಲ್ಲಿ ಮುಖ್ಯವಾಗಿ ಇದೇ. ಕಾನೂನಿನ ಪ್ರಮಾಣ ದುಪ್ಪಟ್ಟಾಗುತ್ತದೆ ಎಂಬುದು ಅಷ್ಟು ದೊಡ್ಡ ಸಂಗತಿಯಲ್ಲ. ಒಂದೇ ಘಟನೆಯನ್ನು ಎರಡು ಬಗೆಯಲ್ಲಿ ಬಿಡಿಸಿ ನೋಡುವ ಅಭ್ಯಾಸ ಕೈಗೆ ಹತ್ತುವುದು ದೊಡ್ಡದು, ಮತ್ತು ಅದು ಸುಲಭವಾಗಿ ಹತ್ತುವುದಿಲ್ಲ.

ಮೊದಲು ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳಬೇಕು. ಕಲೋನ್ ವಿಶ್ವವಿದ್ಯಾಲಯ ಮತ್ತು ಪ್ಯಾರಿಸ್-1 ಪಾಂತೆಯೋಂ-ಸೋರ್ಬಾನ್ ವಿಶ್ವವಿದ್ಯಾಲಯ 1990ರಿಂದ ಒಟ್ಟಾಗಿ ನಾಲ್ಕು ವರ್ಷಗಳ ಕಾನೂನು ಪದವಿಯನ್ನು ನಡೆಸುತ್ತಿವೆ. ಜರ್ಮನಿಯಿಂದ ಬಂದವರೂ ಫ್ರಾನ್ಸಿನಿಂದ ಬಂದವರೂ ಒಂದೇ ತಂಡವಾಗಿ ಎರಡು ವರ್ಷ ಒಂದು ನಗರದಲ್ಲಿ, ಎರಡು ವರ್ಷ ಇನ್ನೊಂದು ನಗರದಲ್ಲಿ ಓದುತ್ತಾರೆ. ಕೊನೆಗೆ ಎರಡೂ ವಿಶ್ವವಿದ್ಯಾಲಯಗಳ ಪದವಿ ಕೈಸೇರುತ್ತದೆ. ಇದೊಂದೇ ಅಲ್ಲ. ಪೋಟ್ಸ್‌ಡಾಮ್ ವಿಶ್ವವಿದ್ಯಾಲಯ ಪ್ಯಾರಿಸ್ ಬಳಿಯ ನಾಂತೇರ್ ಜೊತೆಗೂ, ಮ್ಯೂನಿಕ್ ಪ್ಯಾರಿಸ್-2 ಜೊತೆಗೂ ಇಂಥ ಪದವಿಗಳನ್ನು ನಡೆಸುತ್ತವೆ. ಇವೆಲ್ಲಕ್ಕಿಂತ ಹಳೆಯದು ಗಡಿಯ ಜಾರ್‌ಬ್ರೂಕೆನ್ ನಗರದ ಫ್ರೆಂಚ್-ಜರ್ಮನ್ ಕಾನೂನು ಕೇಂದ್ರ. ಅದು ಶುರುವಾದದ್ದು 1955ರಲ್ಲಿ. ಆಗ ಆ ನಗರವಿರುವ ಜಾರ್ ಪ್ರಾಂತ ಇನ್ನೂ ಫ್ರಾನ್ಸಿನ ಹಿಡಿತದಲ್ಲಿತ್ತು, ಜರ್ಮನಿಗೆ ಸೇರಿದ್ದು 1957ರಲ್ಲಿ. ಆ ಕೇಂದ್ರದಲ್ಲಿ ಜರ್ಮನ್ ನೆಲದಲ್ಲಿ ಕುಳಿತೇ ಫ್ರೆಂಚ್ ಕಾನೂನಿನ ಮೊದಲೆರಡು ವರ್ಷಗಳ ಪಾಠವನ್ನು ಮುಗಿಸಬಹುದು.

ಇಂಥ ಪದವಿಗಳಿಗೆ ಹಣಕಾಸಿನ ಬೆನ್ನೆಲುಬು ಫ್ರೆಂಚ್-ಜರ್ಮನ್ ವಿಶ್ವವಿದ್ಯಾಲಯ ಎಂಬ ಸಂಸ್ಥೆ. 1997ರಲ್ಲಿ ವೈಮಾರ್‌ನಲ್ಲಿ ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದದಿಂದ ಅದು ಹುಟ್ಟಿತು. ಹೆಸರು ವಿಶ್ವವಿದ್ಯಾಲಯವಾದರೂ ಅದಕ್ಕೆ ತನ್ನದೇ ತರಗತಿಗಳಿಲ್ಲ. ಜಾರ್‌ಬ್ರೂಕೆನ್‌ನಲ್ಲಿ ಕಚೇರಿ ಇದೆ. ಎರಡೂ ದೇಶಗಳ ವಿಶ್ವವಿದ್ಯಾಲಯಗಳು ಸೇರಿ ರೂಪಿಸುವ ಪಠ್ಯಕ್ರಮಗಳನ್ನು ಅದು ಪರಿಶೀಲಿಸುತ್ತದೆ, ಪರದೇಶದಲ್ಲಿ ಓದುವ ಅವಧಿಗೆ ವಿದ್ಯಾರ್ಥಿಗಳಿಗೆ ತಿಂಗಳ ಭತ್ಯೆ ಕೊಡುತ್ತದೆ. ಇದರ ಹಿಂದೆ 1963ರ ಜನವರಿ 22ರಂದು ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಆಡನೌವರ್ ಸಹಿ ಹಾಕಿದ ಎಲಿಸೆ ಒಪ್ಪಂದವಿದೆ. ಮೂರು ಯುದ್ಧ ಮಾಡಿದ ಎರಡು ದೇಶಗಳು ತಮ್ಮ ಯುವಕರನ್ನು ಪರಸ್ಪರರ ಮನೆಗೆ ಕಳುಹಿಸಲು ನಿರ್ಧರಿಸಿದ ಒಪ್ಪಂದ ಅದು.

ಈಗ ಸೈಕಲ್ಲಿಗೆ ಮರಳೋಣ.

ಫ್ರಾನ್ಸಿನ ನಾಗರಿಕ ಸಂಹಿತೆ ನೆಪೋಲಿಯನ್ ಕಾಲದ್ದು, 1804ರದು. ಅದರ 1583ನೇ ವಿಧಿ ಹೇಳುವುದಿಷ್ಟು: ವಸ್ತು ಮತ್ತು ಬೆಲೆಯ ಬಗ್ಗೆ ಒಪ್ಪಿಗೆಯಾದೊಡನೆ ಮಾರಾಟ ಪೂರ್ಣಗೊಳ್ಳುತ್ತದೆ, ವಸ್ತು ಕೈಸೇರದಿದ್ದರೂ, ಹಣ ಪಾವತಿಯಾಗದಿದ್ದರೂ ಮಾಲೀಕತ್ವ ಕೊಂಡವರದು. ಮನುಷ್ಯರ ಇಚ್ಛೆಗೆ ಇಷ್ಟು ಬಲ ಕೊಟ್ಟ ಸಂಹಿತೆ ಅದು. ಆಡಿದ ಮಾತೇ ಆಸ್ತಿಯನ್ನು ದಾಟಿಸುತ್ತದೆ.

ಜರ್ಮನ್ ನಾಗರಿಕ ಸಂಹಿತೆ ಜಾರಿಗೆ ಬಂದದ್ದು 1900ರ ಜನವರಿ 1ರಂದು. ಅದರ ಬೆನ್ನಿಗೆ 19ನೇ ಶತಮಾನದ ರೋಮನ್ ಕಾನೂನು ಪಂಡಿತರ, ಅದರಲ್ಲೂ ಸಾವಿನ್ಯಿಯ, ಚಿಂತನೆಯಿದೆ. ಅವರ ಕಣ್ಣಿಗೆ ಒಂದು ಸೈಕಲ್ ಮಾರಾಟದಲ್ಲಿ ಮೂರು ಪ್ರತ್ಯೇಕ ಒಪ್ಪಂದಗಳಿವೆ. ಒಂದು, 'ಕೊಡುತ್ತೇನೆ, ತೆಗೆದುಕೊಳ್ಳುತ್ತೇನೆ' ಎಂಬ ಕ್ರಯದ ಕರಾರು. ಇದು 433ನೇ ಪರಿಚ್ಛೇದ, ಮತ್ತು ಇದರಿಂದ ಹುಟ್ಟುವುದು ಬಾಧ್ಯತೆ ಮಾತ್ರ. ಎರಡು, ಸೈಕಲ್ಲಿನ ಮಾಲೀಕತ್ವವನ್ನು ದಾಟಿಸುವ ಒಪ್ಪಂದ ಮತ್ತು ಅದರ ಜೊತೆಗಿನ ಹಸ್ತಾಂತರ. ಇದು 929ನೇ ಪರಿಚ್ಛೇದ. ಮೂರು, ನೋಟುಗಳ ಮಾಲೀಕತ್ವವನ್ನು ದಾಟಿಸುವ ಇನ್ನೊಂದು ಒಪ್ಪಂದ. ಬೇಕರಿಯಲ್ಲಿ ಒಂದು ಬನ್ ಕೊಂಡರೂ ಈ ಮೂರೂ ನಡೆಯುತ್ತವೆ, ಕಾಣುವುದಿಲ್ಲ ಅಷ್ಟೇ.

ಫ್ರೆಂಚ್ ವಿದ್ಯಾರ್ಥಿಗಳಿಗೆ ಇದು ಮೊದಲು ಕೂದಲು ಸೀಳುವ ಕೆಲಸ ಎನಿಸುತ್ತದೆ. ನನಗೂ ಮೊದಲ ಓದಿಗೆ ಹಾಗೇ ಅನಿಸಿತ್ತು. ಇದರ ಬಲ ತಿಳಿಯುವುದು ವ್ಯವಹಾರ ಕೆಟ್ಟಾಗ. ಕ್ರಯದ ಕರಾರು ತಪ್ಪು ತಿಳಿವಳಿಕೆಯ ಕಾರಣಕ್ಕೆ ರದ್ದಾಯಿತು ಎಂದುಕೊಳ್ಳಿ. ಜರ್ಮನಿಯಲ್ಲಿ ಸಾಮಾನ್ಯವಾಗಿ ಮಾಲೀಕತ್ವ ದಾಟಿಸಿದ ಒಪ್ಪಂದ ಅದರ ಜೊತೆಗೆ ಬೀಳುವುದಿಲ್ಲ, ಅದು ಬೇರೆಯೇ ಒಪ್ಪಂದ. ಹಾಗಾಗಿ ಕೊಂಡವಳು ಇನ್ನೂ ಮಾಲೀಕಳೇ, ಆದರೆ ಆಧಾರವಿಲ್ಲದೆ ಪಡೆದದ್ದನ್ನು ಹಿಂದಿರುಗಿಸುವ ಬಾಧ್ಯತೆ ಅವಳ ಮೇಲಿದೆ. ಅಷ್ಟರಲ್ಲಿ ಅವಳು ಸೈಕಲ್ಲನ್ನು ಮೂರನೆಯವನಿಗೆ ಮಾರಿದ್ದರೆ ಅವನು ನಿಶ್ಚಿಂತೆಯಿಂದಿರಬಹುದು, ಏಕೆಂದರೆ ಅವನು ಕೊಂಡದ್ದು ನಿಜವಾದ ಮಾಲೀಕಳಿಂದ. ಫ್ರಾನ್ಸಿನಲ್ಲಿ ಕರಾರು ಬಿದ್ದರೆ ಮಾಲೀಕತ್ವವೂ ಹಿಂದಕ್ಕೆ ಬರುತ್ತದೆ. ಮೂರನೆಯವನನ್ನು ಕಾಪಾಡಲು ಅಲ್ಲಿ ಬೇರೆ ಸೂತ್ರವಿದೆ: ಚರಾಸ್ತಿಯ ವಿಷಯದಲ್ಲಿ, ಸದ್ಭಾವನೆಯಿಂದ ಕೈಯಲ್ಲಿ ಹಿಡಿದಿರುವುದೇ ಹಕ್ಕುಪತ್ರ. ದಾರಿ ಬೇರೆ, ತಲುಪುವ ಊರು ಬಹುತೇಕ ಒಂದೇ. ಜೋಡಿ ಪದವಿಯ ವಿದ್ಯಾರ್ಥಿಗಳು ಮತ್ತೆ ಮತ್ತೆ ಕಾಣುವ ಸಂಗತಿ ಇದು. ಎಲ್ಲಿ ಊರೂ ಬೇರೆಯಾಗುತ್ತದೆ ಎಂದು ಗುರುತಿಸುವುದೇ ನಿಜವಾದ ಪರಿಣತಿ. ಸುಟ್ಟ ಸೈಕಲ್ ಅಂಥದೊಂದು ಜಾಗ. ಮಾರಿದವನು ದಿವಾಳಿಯಾಗುವುದು ಇನ್ನೊಂದು: ಫ್ರಾನ್ಸಿನಲ್ಲಿ ಕೊಂಡವಳು ಮಾಲೀಕಳಾಗಿ ಬಂದು ತನ್ನ ಸೈಕಲ್ಲನ್ನು ಕೇಳಬಹುದು, ಜರ್ಮನಿಯಲ್ಲಿ ಅವಳು ಉಳಿದ ಸಾಲ ಕೊಟ್ಟವರ ಸರದಿಯಲ್ಲಿ ನಿಲ್ಲಬೇಕು.

ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು. ಭಾರತದ 1930ರ ಸರಕು ಮಾರಾಟ ಕಾಯ್ದೆಯ 20ನೇ ಮತ್ತು 26ನೇ ಕಲಂಗಳನ್ನು ತೆರೆದು ನೋಡಿದರೆ, ನಾವು ಈ ವಿಷಯದಲ್ಲಿ ಪ್ಯಾರಿಸ್‌ನ ಕಡೆಗಿದ್ದೇವೆ. ನಿರ್ದಿಷ್ಟ ವಸ್ತುವಿನ ಷರತ್ತಿಲ್ಲದ ಮಾರಾಟದಲ್ಲಿ, ಕರಾರಾದೊಡನೆ ಮಾಲೀಕತ್ವ ದಾಟುತ್ತದೆ, ನಷ್ಟದ ಹೊಣೆಯೂ ಅದರ ಬೆನ್ನಿಗೇ ಹೋಗುತ್ತದೆ. ಮೈಸೂರಿನಲ್ಲಿ ಆ ಕೊಟ್ಟಿಗೆ ಸುಟ್ಟಿದ್ದರೂ, ಬೇರೆ ಮಾತು ಆಗಿರದಿದ್ದರೆ, ನಷ್ಟ ಕೊಂಡವಳದೇ.

ಇನ್ನೊಂದು ಉದಾಹರಣೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಫ್ರೆಂಚ್ ಸಂಹಿತೆಯ 1240ನೇ ವಿಧಿ (2016ರ ತಿದ್ದುಪಡಿಗೆ ಮುಂಚೆ ಅದರ ಸಂಖ್ಯೆ 1382) ಒಂದೇ ವಾಕ್ಯದ್ದು: ಯಾರ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾಯಿತೋ ಅವರು ಆ ಹಾನಿಯನ್ನು ತುಂಬಿಕೊಡಬೇಕು. ಯಾವ ಹಾನಿ, ಎಂಥ ಹಾನಿ ಎಂಬ ಪಟ್ಟಿ ಇಲ್ಲ. ಜರ್ಮನ್ ಸಂಹಿತೆಯ 823ನೇ ಪರಿಚ್ಛೇದ ಪಟ್ಟಿ ಹಿಡಿದುಕೊಂಡೇ ಬರುತ್ತದೆ: ಜೀವ, ದೇಹ, ಆರೋಗ್ಯ, ಸ್ವಾತಂತ್ರ್ಯ, ಆಸ್ತಿ, ಅಥವಾ ಇಂಥದೇ ಇನ್ನೊಂದು ಹಕ್ಕು. ಬರಿಯ ಹಣದ ನಷ್ಟ ಆ ಪಟ್ಟಿಯಲ್ಲಿಲ್ಲ. ಯಾರೋ ಅಜಾಗರೂಕತೆಯಿಂದ ವಿದ್ಯುತ್ ತಂತಿ ಕಡಿದರು, ಪಕ್ಕದ ಕಾರ್ಖಾನೆಯ ಯಂತ್ರಗಳು ಒಂದು ದಿನ ನಿಂತವು, ಉತ್ಪಾದನೆ ಹೋಯಿತು. ಈ ಪಟ್ಟಿಯ ಅಡಿಯಲ್ಲಿ ಆ ನಷ್ಟಕ್ಕೆ ಪರಿಹಾರವಿಲ್ಲ. ಆದರೆ 1964ರಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯದ ಮುಂದೆ ಕೋಳಿ ಸಾಕುವವನೊಬ್ಬನ ಪ್ರಕರಣ ಬಂತು. ಕರೆಂಟ್ ಹೋಗಿ ಕಾವು ಯಂತ್ರದಲ್ಲಿದ್ದ ಮೊಟ್ಟೆಗಳು ಹಾಳಾಗಿದ್ದವು. ನ್ಯಾಯಾಲಯ ಪರಿಹಾರಕ್ಕೆ ದಾರಿ ತೆರೆಯಿತು: ಮೊಟ್ಟೆ ಆಸ್ತಿ, ಆಸ್ತಿ ನಾಶವಾಗಿದೆ. ಯಂತ್ರ ನಿಂತರೆ ಇಲ್ಲ, ಮೊಟ್ಟೆ ಕೆಟ್ಟರೆ ಉಂಟು. ಫ್ರೆಂಚ್ ವಿದ್ಯಾರ್ಥಿಗಳಿಗೆ ಈ ಗೆರೆ ವಿಚಿತ್ರವಾಗಿ ಕಾಣುತ್ತದೆ. ಜರ್ಮನ್ ವಿದ್ಯಾರ್ಥಿಗಳಿಗೆ, ಗೆರೆಯೇ ಎಳೆಯದ ಫ್ರೆಂಚ್ ವಿಧಿ ಅಪಾಯಕಾರಿಯಾಗಿ ಕಾಣುತ್ತದೆ. ಫ್ರಾನ್ಸಿನಲ್ಲಿ ಆ ಗೆರೆ ಎಳೆಯುವ ಕೆಲಸ ನ್ಯಾಯಾಧೀಶರದು. ಹಾನಿ ಖಚಿತವೇ, ನೇರವೇ ಎಂದು ಅವರು ತೂಗುತ್ತಾರೆ.

ಆದರೆ ಈ ಓದಿನಲ್ಲಿ ನಿಜವಾಗಿ ಬೆವರಿಳಿಸುವುದು ಕಾನೂನಿಗಿಂತ ಉತ್ತರ ಪತ್ರಿಕೆ ಬರೆಯುವ ರೀತಿ.

ಜರ್ಮನ್ ಪರೀಕ್ಷೆಯಲ್ಲಿ ಒಂದು ಕಥೆ ಕೊಡುತ್ತಾರೆ. ವಿದ್ಯಾರ್ಥಿ 'ಗುಟಾಖ್ಟನ್' ಎಂಬ ಶೈಲಿಯಲ್ಲಿ ಅಭಿಪ್ರಾಯ ಬರೆಯಬೇಕು. ಅದು ಸಾಗುವ ಬಗೆ ಹೀಗಿದೆ: 'ಕೊಂಡವಳಿಗೆ 433ನೇ ಪರಿಚ್ಛೇದದಡಿ ಸೈಕಲ್ ಪಡೆಯುವ ಹಕ್ಕು ಇರಬಹುದು. ಹಾಗಿರಬೇಕಾದರೆ ಅವರ ನಡುವೆ ಕ್ರಯದ ಕರಾರು ಆಗಿರಬೇಕು. ಕರಾರಿಗೆ ಒಂದಕ್ಕೊಂದು ಹೊಂದುವ ಎರಡು ಇಚ್ಛೆಯ ಪ್ರಕಟಣೆಗಳು ಬೇಕು. ಇಲ್ಲಿ ಮಾರಿದವನು ಸೋಮವಾರ ಹೀಗೆಂದ. ಆದ್ದರಿಂದ ಪ್ರಸ್ತಾಪ ಇದೆ.' ಊಹೆ, ವ್ಯಾಖ್ಯೆ, ಹೊಂದಿಸಿ ನೋಡುವುದು, ಫಲಿತಾಂಶ. ಪ್ರತಿ ಮೆಟ್ಟಿಲಿಗೂ ಇದೇ ನಾಲ್ಕು ಹೆಜ್ಜೆ. ಉತ್ತರವನ್ನು ಮೊದಲೇ ಹೇಳಿ 'ಏಕೆಂದರೆ' ಎಂದು ಸಮರ್ಥಿಸಿದರೆ ಅದು ತೀರ್ಪು ಬರೆಯುವವರ ಶೈಲಿ, ವಿದ್ಯಾರ್ಥಿಗೆ ಸಲ್ಲದು. 'ಏಕೆಂದರೆ' ಎಂಬ ಪದ ಕಂಡರೆ ತಿದ್ದುವವರ ಪೆನ್ನು ಅಲ್ಲಿ ನಿಲ್ಲುತ್ತದೆ. ಸಾಹಿತ್ಯದ ಸೊಗಸಿಗೆ ಇಲ್ಲಿ ಅಂಕವಿಲ್ಲ. ಒಂದು ಮೆಟ್ಟಿಲು ತಪ್ಪಿದರೆ ಅಂಕ ಹೋಗುತ್ತದೆ.

ಫ್ರಾನ್ಸಿನಲ್ಲಿ ಸಮಸ್ಯೆ ಬಿಡಿಸುವ ಪ್ರಶ್ನೆಗಳೂ ಇವೆ. ಆದರೆ ಅಲ್ಲಿನ ಹೆಮ್ಮೆಯ ಪ್ರಕಾರಗಳು ಪ್ರಬಂಧ ಮತ್ತು ತೀರ್ಪಿನ ವಿಮರ್ಶೆ. ಎರಡಕ್ಕೂ ವಿನ್ಯಾಸ ಕಡ್ಡಾಯ: ಎರಡು ಭಾಗ, ಪ್ರತಿ ಭಾಗಕ್ಕೆ ಎರಡು ಉಪಭಾಗ. ಮೂರು ಭಾಗ ಬರೆದರೆ ಹುಬ್ಬೇರುತ್ತದೆ. ಶೀರ್ಷಿಕೆಗಳು ಒಂದಕ್ಕೊಂದು ಕನ್ನಡಿಯಂತಿರಬೇಕು: ಮೊದಲ ಭಾಗ 'ಒಪ್ಪಿಗೆಗೆ ಪೂರ್ಣ ಬಲ' ಎಂದಾದರೆ ಎರಡನೆಯದು 'ಒಪ್ಪಿಗೆಗೆ ಬಿದ್ದ ಮಿತಿಗಳು'. ಪೀಠಿಕೆಯೇ ಬರಹದ ಹೃದಯ. ವಿಷಯವನ್ನು ಇತಿಹಾಸದಲ್ಲಿ ಇಟ್ಟು, ಕೇಳಬೇಕಾದ ನಿಜವಾದ ಪ್ರಶ್ನೆ ಯಾವುದು ಎಂದು ತೋರಿಸಿ, ಮುಂದಿನ ವಿನ್ಯಾಸವನ್ನು ಅಲ್ಲಿಯೇ ಘೋಷಿಸಬೇಕು. ವಿಷಯವೆಲ್ಲ ಗೊತ್ತಿದ್ದರೂ ವಿನ್ಯಾಸ ಮೂಡದೆ ಮೊದಲ ಒಂದು ಗಂಟೆ ಖಾಲಿ ಹಾಳೆ ನೋಡುತ್ತ ಕೂರುವ ಜರ್ಮನ್ ವಿದ್ಯಾರ್ಥಿಯ ಸಂಕಟ ನಿಜವಾದದ್ದು. ಹಾಗೆಯೇ, ಕಲೋನ್‌ನಲ್ಲಿ ಸುಂದರವಾದ ಪೀಠಿಕೆ ಬರೆದು ಅದಕ್ಕೆ ಒಂದು ಅಂಕವೂ ಸಿಗದ ಫ್ರೆಂಚ್ ವಿದ್ಯಾರ್ಥಿಯ ಸಂಕಟವೂ.

ಅಂಕಗಳ ಲೆಕ್ಕವೂ ಬೇರೆ. ಫ್ರಾನ್ಸಿನಲ್ಲಿ 20ಕ್ಕೆ 10 ಬಂದರೆ ಪಾಸು, 16 ಬಂದರೆ ಸಂಭ್ರಮ. ಜರ್ಮನ್ ಕಾನೂನು ಶಿಕ್ಷಣದಲ್ಲಿ ಗರಿಷ್ಠ 18, ನಾಲ್ಕಕ್ಕೆ ಪಾಸು, ಮತ್ತು ಒಂಬತ್ತು ಬಂದವರನ್ನು ದೊಡ್ಡ ವಕೀಲ ಸಂಸ್ಥೆಗಳು ಹುಡುಕಿಕೊಂಡು ಬರುತ್ತವೆ. ಊರಿನಲ್ಲಿರುವ ತಂದೆತಾಯಿಗೆ 'ಹದಿನೆಂಟಕ್ಕೆ ಒಂಬತ್ತು ಬಂತು, ತುಂಬಾ ಸಂತೋಷವಾಗಿದೆ' ಎಂದು ಹೇಳಿ ಅರ್ಥ ಮಾಡಿಸುವುದು ಕಷ್ಟ.

ತೀರ್ಪುಗಳನ್ನು ಓದುವುದೂ ಎರಡು ಬೇರೆ ಕಲೆಗಳು. ಫ್ರಾನ್ಸಿನ ಅತ್ಯುನ್ನತ ಸಿವಿಲ್ ನ್ಯಾಯಾಲಯವಾದ ಕೂರ್ ದ ಕಸಾಸಿಯೋಂ 2019ರವರೆಗೂ ತನ್ನ ತೀರ್ಪನ್ನು ಒಂದೇ ಉದ್ದನೆಯ ವಾಕ್ಯದಲ್ಲಿ ಬರೆಯುತ್ತಿತ್ತು. ಹಲವು ತೀರ್ಪುಗಳು ಒಂದೆರಡು ಪುಟ ಮೀರುತ್ತಿರಲಿಲ್ಲ. ಅದರಲ್ಲಿ ಒಂದು ಪದ ಯಾಕೆ ಬದಲಾಯಿತು ಎಂದು ಪ್ರಾಧ್ಯಾಪಕರು ಪುಟಗಟ್ಟಲೆ ಬರೆಯುತ್ತಿದ್ದರು. ಜರ್ಮನ್ ನ್ಯಾಯಾಲಯಗಳು ಹತ್ತಾರು ಪುಟ ಬರೆದು, ಯಾವ ಪ್ರಾಧ್ಯಾಪಕರು ಏನು ಹೇಳಿದ್ದಾರೆ ಎಂದು ಉಲ್ಲೇಖಿಸಿ, ಅವರನ್ನು ಒಪ್ಪುತ್ತವೆ ಅಥವಾ ತಳ್ಳಿಹಾಕುತ್ತವೆ. ಭಾರತದ ಸುಪ್ರೀಂ ಕೋರ್ಟಿನ ತೀರ್ಪು ಓದಿ ರೂಢಿಯಿರುವವರಿಗೆ ಫ್ರೆಂಚ್ ಮೌನ ಬೆರಗು ಹುಟ್ಟಿಸುತ್ತದೆ.

ಆಡಳಿತ ಕಾನೂನಿನಲ್ಲಿ ಫ್ರೆಂಚ್ ಪಾಠ ಒಂದು ಮಗುವಿನಿಂದ ಶುರುವಾಗುತ್ತದೆ. ಬೋರ್ಡೋ ನಗರದಲ್ಲಿ ಸರ್ಕಾರಿ ತಂಬಾಕು ಕಾರ್ಖಾನೆಯ ಬಂಡಿಯೊಂದು ಆಗ್ನೆಸ್ ಬ್ಲಾಂಕೋ ಎಂಬ ಐದು ವರ್ಷದ ಹುಡುಗಿಗೆ ಬಡಿಯಿತು. ತಂದೆ ಪರಿಹಾರ ಕೇಳಿದ. ಯಾವ ನ್ಯಾಯಾಲಯ ಈ ವಿಷಯ ಕೇಳಬೇಕು, ಯಾವ ನಿಯಮದಡಿ? 1873ರಲ್ಲಿ ಬಂದ ಉತ್ತರ: ಸರ್ಕಾರದ ಹೊಣೆಗಾರಿಕೆಯನ್ನು ನಾಗರಿಕ ಸಂಹಿತೆಯಿಂದ ಅಳೆಯಲಾಗದು, ಅದಕ್ಕೆ ಪ್ರತ್ಯೇಕ ನಿಯಮಗಳು, ಪ್ರತ್ಯೇಕ ನ್ಯಾಯಾಧೀಶರು. ಫ್ರಾನ್ಸಿನ ಇಡೀ ಆಡಳಿತ ಕಾನೂನು ಈ ಮಗುವಿನ ಹೆಸರಿನ ತೀರ್ಪಿನ ಮೇಲೆ ನಿಂತಿದೆ ಎಂದು ಮೊದಲ ತಿಂಗಳಲ್ಲೇ ಹೇಳಿಕೊಡುತ್ತಾರೆ. ಇದೇ ಪ್ರಶ್ನೆ ಜರ್ಮನಿಯಲ್ಲಿ ಎದ್ದರೆ ಅಧಿಕಾರಿಯ ಕರ್ತವ್ಯಲೋಪಕ್ಕೆ ಸರ್ಕಾರದಿಂದ ಪರಿಹಾರ ಕೇಳಲು ಹೋಗಬೇಕಾದದ್ದು ಸಾಮಾನ್ಯ ಸಿವಿಲ್ ನ್ಯಾಯಾಲಯಕ್ಕೇ. ಆಡಳಿತ ನ್ಯಾಯಾಲಯಗಳು ಅಲ್ಲೂ ಇವೆ, ಆದರೆ ಈ ಪ್ರಶ್ನೆ ಅವುಗಳ ಬಾಗಿಲಿಗೆ ಹೋಗುವುದಿಲ್ಲ.

ಪದವಿ ಮುಗಿದ ಮೇಲೆ ಏನು? ಇಲ್ಲಿ ಹಲವರು ಎಡವುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಈ ಜೋಡಿ ಪದವಿ ಒಂದೇ ಯಾರನ್ನೂ ಎರಡೂ ದೇಶದ ವಕೀಲರನ್ನಾಗಿ ಮಾಡುವುದಿಲ್ಲ. ಜರ್ಮನಿಯಲ್ಲಿ ವಕೀಲರಾಗಲಿ ನ್ಯಾಯಾಧೀಶರಾಗಲಿ ಎರಡು ದೊಡ್ಡ ಪರೀಕ್ಷೆಗಳನ್ನು ದಾಟಲೇಬೇಕು. ಮೊದಲನೆಯದರಲ್ಲಿ ಸರ್ಕಾರ ನಡೆಸುವ ಭಾಗಕ್ಕೆ ಶೇ. 70, ವಿಶ್ವವಿದ್ಯಾಲಯದ ವಿಶೇಷ ವಿಷಯಕ್ಕೆ ಶೇ. 30 ತೂಕ. ಕಲೋನ್ ಇರುವ ರಾಜ್ಯದಲ್ಲಿ ಐದೈದು ಗಂಟೆಯ ಆರು ಲಿಖಿತ ಪತ್ರಿಕೆಗಳು, ಆಮೇಲೆ ಮೌಖಿಕ. ಸರಿಸುಮಾರು ನಾಲ್ವರಲ್ಲಿ ಒಬ್ಬರು ಇದರಲ್ಲಿ ಅನುತ್ತೀರ್ಣರಾಗುತ್ತಾರೆ. ಪರೀಕ್ಷಾ ಮೇಜಿನ ಮೇಲೆ ಸಾವಿರಾರು ಪುಟಗಳ ಕೆಂಪು ಕಾನೂನು ಸಂಗ್ರಹವನ್ನು ಇಟ್ಟುಕೊಳ್ಳಬಹುದು. ಅದು ಬಿಡಿಹಾಳೆಗಳ ಕಟ್ಟು. ಕಾನೂನು ತಿದ್ದುಪಡಿಯಾದಾಗ ಹಳೆಯ ಹಾಳೆ ತೆಗೆದು ಹೊಸದು ಸೇರಿಸಬೇಕು. ದಶಕಗಳ ಕಾಲ ಅದನ್ನು ಅದರ ಸಂಪಾದಕನ ಹೆಸರಿನಿಂದ ಶ್ಯೋನ್‌ಫೆಲ್ಡರ್ ಎಂದು ಕರೆಯುತ್ತಿದ್ದರು. ಆ ಸಂಪಾದಕ ನಾಜಿ ಪಕ್ಷದವನಾಗಿದ್ದ ಕಾರಣಕ್ಕೆ 2021ರಲ್ಲಿ ಹೆಸರು ಬದಲಾಯಿತು, ಈಗ ಅದು ಹಾಬರ್‌ಸಾಕ್. ಮೊದಲ ಪರೀಕ್ಷೆಯ ನಂತರ ಎರಡು ವರ್ಷ ನ್ಯಾಯಾಲಯ, ಸರ್ಕಾರಿ ವಕೀಲರ ಕಚೇರಿ, ಆಡಳಿತ ಕಚೇರಿ, ವಕೀಲರ ಕಚೇರಿಗಳಲ್ಲಿ ತರಬೇತಿ, ಆಮೇಲೆ ಎರಡನೇ ಪರೀಕ್ಷೆ.

ಜೋಡಿ ಪದವಿ ಮುಗಿಸಿದವರಿಗೂ ಈ ದಾರಿ ತಪ್ಪುವುದಿಲ್ಲ. ಕಲಿತ ಹಲವು ಪತ್ರಿಕೆಗಳು ಲೆಕ್ಕಕ್ಕೆ ಬರುತ್ತವೆ, ಆದರೆ ತಯಾರಿಗೆ ಮತ್ತೆ ಒಂದು ಒಂದೂವರೆ ವರ್ಷ ಬೇಕಾಗುತ್ತದೆ. ಪ್ಯಾರಿಸ್‌ನ ಎರಡು ಭಾಗದ ವಿನ್ಯಾಸವನ್ನು ಕೈಯಿಂದ ಇಳಿಸಿ ನಾಲ್ಕು ಹೆಜ್ಜೆಗೆ ಮರಳುವುದು ಆ ತಯಾರಿಯ ಒಂದು ಭಾಗ. ಫ್ರಾನ್ಸಿನಲ್ಲಿ ವಕೀಲರಾಗಲು ಮಾಸ್ಟರ್ ಹಂತ ದಾಟಿ, ವಕೀಲ ಶಾಲೆಯ ಪ್ರವೇಶ ಪರೀಕ್ಷೆ ಬರೆದು, ತರಬೇತಿ ಮುಗಿಸಬೇಕು. ನ್ಯಾಯಾಧೀಶರಿಗೆ ಬೋರ್ಡೋದಲ್ಲಿ ಪ್ರತ್ಯೇಕ ಶಾಲೆಯೇ ಇದೆ. ಒಂದು ದೇಶದಲ್ಲಿ ವಕೀಲರಾದ ಐರೋಪ್ಯ ಒಕ್ಕೂಟದ ಪ್ರಜೆಗೆ 1998ರ ನಿರ್ದೇಶನದಡಿ ಇನ್ನೊಂದು ದೇಶದಲ್ಲಿ ತಮ್ಮ ಮೂಲ ಬಿರುದಿನಲ್ಲೇ ವೃತ್ತಿ ಮಾಡಲು ಅವಕಾಶವಿದೆ. ಅಲ್ಲಿನ ಕಾನೂನಿನಲ್ಲಿ ಮೂರು ವರ್ಷ ನಿರಂತರವಾಗಿ ಕೆಲಸ ಮಾಡಿ ತೋರಿಸಿದರೆ ಅಲ್ಲಿನ ವಕೀಲರ ಬಿರುದೂ ಸಿಗುತ್ತದೆ. ಎರಡೂ ಬಿರುದು ಹೊತ್ತ ವಕೀಲರು ಹೀಗೆ ತಯಾರಾಗುತ್ತಾರೆ.

ಕರ್ನಾಟಕದಿಂದ ಈ ಕಡೆ ನೋಡುವವರಿಗೆ ಮೊದಲ ಗೋಡೆ ಭಾಷೆ. ಎರಡೂ ಭಾಷೆಗಳಲ್ಲಿ ಉಪನ್ಯಾಸ ಕೇಳಿ ಐದು ಗಂಟೆ ಬರೆಯುವಷ್ಟು ಹಿಡಿತ ಬೇಕು, ಅದೂ ಪ್ರವೇಶದ ಹೊತ್ತಿಗೇ ಬಹುಪಾಲು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಮತ್ತು ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಪಿಯುಸಿಗೆ ಬಹಳ ಮೊದಲೇ ಕುಳಿತವರಿಗೆ ಮಾತ್ರ ಇದು ಸಾಧ್ಯ ಎಂದು ನಾನು ಹೇಳುತ್ತೇನೆ. ಎರಡನೆಯದು, ಯೂರೋಪಿನ ಪದವಿ ಹಿಡಿದು ಊರಿಗೆ ಬಂದೊಡನೆ ಇಲ್ಲಿ ಕಪ್ಪು ಕೋಟು ತೊಡಲಾಗದು. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ಆ ಪದವಿಯನ್ನು ಮಾನ್ಯ ಮಾಡಬೇಕು. ನಮ್ಮಲ್ಲಿ ಕಾನೂನು ಓದಿ, ಆಮೇಲೆ ಅಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ಮಾಡುವುದು ಹೆಚ್ಚಿನವರಿಗೆ ಸರಿಯಾದ ದಾರಿ.

ಇಷ್ಟೆಲ್ಲ ಕಷ್ಟಪಟ್ಟು ಕಲಿತವರಿಗೆ ಕೆಲಸ ಎಲ್ಲಿದೆ ಎಂದು ಕೇಳಿದರೆ ಗಡಿಯ ಎರಡೂ ಬದಿಯ ಜೀವನವನ್ನೇ ತೋರಿಸಬೇಕು. ಜರ್ಮನ್ ಗಂಡ, ಫ್ರೆಂಚ್ ಹೆಂಡತಿ, ಸ್ಟ್ರಾಸ್‌ಬರ್ಗ್‌ನಲ್ಲಿ ಮನೆ, ನದಿಯಾಚೆ ಕೆಲಸ: ವಿಚ್ಛೇದನವಾದರೆ ಆಸ್ತಿ ಹಂಚುವುದು ಹೇಗೆ? ಫ್ರಾನ್ಸಿನಲ್ಲಿ ಬೇರೆ ಒಪ್ಪಂದ ಮಾಡಿಕೊಳ್ಳದ ದಂಪತಿ ಮದುವೆಯ ನಂತರ ಗಳಿಸಿದ್ದು ಇಬ್ಬರಿಗೂ ಸೇರಿದ ಆಸ್ತಿ. ಜರ್ಮನಿಯಲ್ಲಿ ಗಳಿಕೆ ಅವರವರದೇ, ಕೊನೆಗೆ ಹೆಚ್ಚಳವನ್ನು ಮಾತ್ರ ಹಣದಲ್ಲಿ ಸರಿದೂಗಿಸುತ್ತಾರೆ. ಎರಡು ದೇಶಗಳು 2010ರಲ್ಲಿ ಒಪ್ಪಂದ ಮಾಡಿಕೊಂಡು ದಂಪತಿ ಆರಿಸಿಕೊಳ್ಳಬಹುದಾದ ಮೂರನೇ ವ್ಯವಸ್ಥೆಯೊಂದನ್ನು ಕಟ್ಟಿದವು. 2013ರ ಮೇ 1ರಿಂದ ಅದು ಎರಡೂ ಕಡೆ ಒಂದೇ ಪಠ್ಯವಾಗಿ ಜಾರಿಯಲ್ಲಿದೆ. ಆ ಪಠ್ಯದ ಪ್ರತಿ ವಾಕ್ಯವೂ ಎರಡು ಭಾಷೆಯಲ್ಲಿ ಒಂದೇ ಅರ್ಥ ಕೊಡಬೇಕು. ಅಂಥ ವಾಕ್ಯ ಬರೆಯಲು ಸೈಕಲ್ ಯಾರದು ಎಂಬ ಪ್ರಶ್ನೆಗೆ ಎರಡು ಉತ್ತರವನ್ನೂ ಒಳಗಿನಿಂದ ಬಲ್ಲವರು ಬೇಕು.

ಕಲೋನ್‌ಗೆ ಇದು ಹೊಸದೇನಲ್ಲ. 1794ರಲ್ಲಿ ಫ್ರೆಂಚ್ ಸೇನೆ ಆ ಊರನ್ನು ಹಿಡಿಯಿತು, 1814ರಲ್ಲಿ ಬಿಟ್ಟುಹೋಯಿತು. ನೆಪೋಲಿಯನ್ನನ ಸಂಹಿತೆ ಮಾತ್ರ ಹೋಗಲಿಲ್ಲ. ಜರ್ಮನ್ ರಾಜ್ಯವಾದ ಪ್ರಷ್ಯದ ಆಳ್ವಿಕೆ ಬಂದರೂ ರೈನ್ ನದಿಯ ಎಡದಂಡೆಯ ಜನ ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. 1899ರ ಡಿಸೆಂಬರ್ 31ರ ರಾತ್ರಿಯವರೆಗೂ ಅಲ್ಲಿ ಮಾತು ಕೂಡಿದೊಡನೆ ವಸ್ತು ಕೊಂಡವರದಾಗುತ್ತಿತ್ತು. ಮರುದಿನ ಬೆಳಿಗ್ಗೆಯಿಂದ ಹಸ್ತಾಂತರಕ್ಕೆ ಕಾಯಬೇಕಾಯಿತು.